ತಿರುವಿನಲ್ಲಿ ಕಾರು ಕರಕರ ಎಂದರೆ

ನೆಟ್ಟಗೆ ಹೋಗುವಾಗ ಸದ್ದಿಲ್ಲದ ಕಾರು ಸ್ಟೀರಿಂಗ್ ತಿರುಗಿಸಿದ ಕೂಡಲೇ ಕರಕರ ಎನ್ನತೊಡಗಿದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಕೆಲವರು ಗಾಜು ಏರಿಸಿಕೊಂಡು ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾರೆ. ಇನ್ನು ಕೆಲವರು ಗ್ಯಾರೇಜಿಗೆ ಹೋಗಿ, ಮೆಕ್ಯಾನಿಕ್ ಬಾಯಿ ತೆರೆಯುವ ಮೊದಲೇ “ಬೇರಿಂಗ್ ಹೋಗೇತ್ರಿ, ಹೊಸಾದು ಹಾಕಿಬಿಡ್ರಿ” ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮೊದಲನೆಯವರದು ಜೀವದ ಜೊತೆ ಆಟ. ಎರಡನೆಯವರದು ದುಡ್ಡಿನ ಹಾನಿ: ಬೇರಿಂಗ್ ಬದಲಾಗುತ್ತದೆ, ಸದ್ದು ಹಾಗೇ ಉಳಿಯುತ್ತದೆ. ತಿರುವಿನಲ್ಲಿ ಸದ್ದು ಬರಲು ಕಾರಣಗಳು ಹಲವು. ಅವುಗಳಲ್ಲಿ ಬಿಡಿಗಾಸಿಲ್ಲದೆ ಸರಿಹೋಗುವಂಥವೂ ಇವೆ, ಓಡುವ ಗಾಡಿಯ ಚಕ್ರವನ್ನೇ ಕಳಚುವಂಥವೂ ಇವೆ. ಯಾವುದು ಎಂದು ಪತ್ತೆ ಹಚ್ಚಲು ದೊಡ್ಡ ಯಂತ್ರವೇನೂ ಬೇಡ. ಸದ್ದು ಯಾವಾಗ ಹುಟ್ಟುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಅರ್ಧ ತಾಸು ತಾಳ್ಮೆಯಿಂದ ಗಮನಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಮಹಾರಾಷ್ಟ್ರದ ಸಾಂಗಲಿ, ಮಿರಜದ ಸುತ್ತ ಗಾಡಿ ಓಡಿಸುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮಿಷನರಿ ವೈದ್ಯ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಊರಿನ ವೈದ್ಯಕೀಯ ಹೆಸರು ಅಲ್ಲಿಂದ ಬೆಳೆಯಿತು. ಇವತ್ತಿಗೂ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ಜನಕ್ಕೆ, ಸಾಂಗಲಿ ಜಿಲ್ಲೆಯೇ ಆದ ಜತ್ತದ ಕನ್ನಡದ ಹಳ್ಳಿಗಳಿಗೆ, ದೊಡ್ಡ ದವಾಖಾನೆ ಎಂದರೆ ಮಿರಜವೇ. ಅಲ್ಲಿನ ಆಸ್ಪತ್ರೆಗಳ ಮುಂದೆ ಎಂಎಚ್ 10ರ ಪಕ್ಕದಲ್ಲಿ ಕೆಎ 23, ಕೆಎ 28ರ ಗಾಡಿಗಳು ಸದಾ ನಿಂತಿರುತ್ತವೆ. ಒಳಗೆ ಪೇಶೆಂಟ್ ಇರುವಾಗ ಕಾರಿನ ಸದ್ದು ಕೇಳುವ ವ್ಯವಧಾನ ಯಾರಿಗಿರುತ್ತದೆ? ಆದರೆ ಅದೇ ಕಾರು ರಾತ್ರಿ ಮ್ಹೈಸಾಳದ ಮೇಲಿಂದ ಗಡಿ ದಾಟಿ ಊರಿಗೆ ಮರಳಬೇಕಲ್ಲ.

ಈ ಸೀಮೆಯ ರಸ್ತೆಗೂ ಈ ಸದ್ದಿಗೂ ನೇರ ನಂಟಿದೆ. ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರ್ ಟ್ರೇಲರುಗಳು ಹೊಲದ ಎರೆಮಣ್ಣನ್ನು ಗಾಲಿಗೆ ಮೆತ್ತಿಕೊಂಡು ಡಾಂಬರಿಗೆ ತಂದು ಸುರಿಯುತ್ತವೆ. ಆ ಮಣ್ಣು ಒಣಗಿದರೆ ಪುಡಿ, ಇಬ್ಬನಿಗೆ ನೆನೆದರೆ ಕೆಸರು. ಅಂಚು ಕಿತ್ತ ರಸ್ತೆಯ ಖಡಿ ಕಲ್ಲು ಗಾಲಿಯೊಳಗೆ ಸಿಡಿಯುತ್ತದೆ. ಮಳೆಗಾಲದಲ್ಲಿ ಕೃಷ್ಣೆ ಏರುತ್ತಾಳೆ. ಸಾಂಗಲಿಯ ಇರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿ ಮುಟ್ಟಿ ಅರ್ಧ ಊರೇ ಮುಳುಗಿತ್ತು. ಮಣ್ಣು, ಕಲ್ಲು, ನೀರು ಈ ಮೂರೂ ಕಾರಿನ ಮುಂಗಾಲಿಗಳ ಹಿಂದಿರುವ ರಬ್ಬರು ಮತ್ತು ಗ್ರೀಸಿನ ಹಗೆಗಳು.

ಸದ್ದನ್ನು ವಿಚಾರಿಸಿ

ಮಿರಜದ ಸತಾರಮೇಕರ ಗಲ್ಲಿಯಲ್ಲಿ ತಂಬೂರಿಯ ಜವಾರಿ ತೆಗೆಯುವ, ಅಂದರೆ ದನಿ ಹದಗೊಳಿಸುವ ಕಸಬುದಾರರು ತಂತಿ ಮೀಟಿ, ಕಿವಿಗೊಟ್ಟು ಕೇಳಿ, ತಂತಿ ಹಾಯುವ ಕುದುರೆಯನ್ನು ಚೂರೇ ಚೂರು ತಿಕ್ಕಿ, ಮತ್ತೆ ಮೀಟಿ ಕೇಳುತ್ತಾರೆ. ಕೇಳದೆ ಉಜ್ಜಿದರೆ ಕುದುರೆ ಕೆಡುತ್ತದೆ. ಕಾರಿನ ಸದ್ದಿಗೂ ಮೊದಲ ಉಪಕರಣ ಕಿವಿಯೇ. ಅನುಭವಿ ಮೆಕ್ಯಾನಿಕ್ ಪಾನಾ ಎತ್ತಿಕೊಳ್ಳುವ ಮೊದಲು ಹೀಗೆ ಮಾತಾಡುತ್ತಾನೆ:

“ಅಣ್ಣಾ, ತಿರುಗಿಸಿದ್ರ ಸಪ್ಪಳಾ ಬರ್ತೈತ್ರಿ.”

“ನಿಂತಲ್ಲೇ ತಿರುಗಿಸಿದ್ರ ಬರ್ತೈತೋ, ಓಡುವಾಗ ಬರ್ತೈತೋ?”

“ಓಡುವಾಗ್ರಿ.”

“ಯು ಟರ್ನ್ ಹೊಡಿಯೂವಾಗೋ, ಹೈವೇ ತಿರುವಿನಾಗೋ? ಎಕ್ಸಿಲೇಟರ್ ಬಿಟ್ರ ನಿಲ್ತೈತೇನು? ಬ್ರೇಕ್ ಒತ್ತಿದ್ರ ಹೆಚ್ಚಾಗ್ತೈತೇನು?”

ಇಷ್ಟು ಪ್ರಶ್ನೆಗಳಿಗೆ ನಿಮ್ಮ ಬಳಿ ಉತ್ತರ ಇದ್ದರೆ ನೀವು ಅರ್ಧ ರೋಗ ಹಿಡಿದುಕೊಟ್ಟಿರಿ. ಉತ್ತರ ಕಂಡುಕೊಳ್ಳಲು ಮುಂಜಾನೆ ಖಾಲಿ ಮೈದಾನಕ್ಕೋ ಸಂಚಾರವಿಲ್ಲದ ಅಗಲ ರಸ್ತೆಗೋ ಹೋಗಿ. ವಿಶ್ರಾಮಬಾಗದ ನಡುವಿನ ಸಾಂಗಲಿ–ಮಿರಜ ರಸ್ತೆ ಇಂಥ ಪರೀಕ್ಷೆಗೆ ತಕ್ಕ ಜಾಗವಲ್ಲ. ಗಾಜು ಇಳಿಸಿ, ಹಾಡು, ಎಸಿ ಎರಡನ್ನೂ ಬಂದ್ ಮಾಡಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಒಳ್ಳೆಯದು, ಸದ್ದು ಎಡದಿಂದಲೋ ಬಲದಿಂದಲೋ ಅವರು ಹೇಳಬಲ್ಲರು.

ಇದಕ್ಕೂ ಮೊದಲು ಒಂದು ಕೆಲಸ ಕಡ್ಡಾಯ. ನಾಲ್ಕೂ ಗಾಲಿಗಳ ನಟ್ಟುಗಳಿಗೆ ಪಾನಾ ಹಾಕಿ ನೋಡಿ. ಪಂಕ್ಚರ್ ಹಾಕಿಸಿದ ಮೇಲೆ ಅಥವಾ ಗಾಲಿ ಅದಲು ಬದಲು ಮಾಡಿದ ಮೇಲೆ ಸದ್ದು ಶುರುವಾಗಿದ್ದರೆ ಮೊದಲ ಅನುಮಾನ ಅಲ್ಲೇ ಇರಲಿ. ಸಡಿಲ ನಟ್ಟು ತಿರುವಿನಲ್ಲಿ ಕಟಕಟ ಎನ್ನುತ್ತದೆ, ದಿನ ಕಳೆದಂತೆ ಬೋಲ್ಟನ್ನೇ ತಿನ್ನುತ್ತದೆ. ಎಷ್ಟು ಬಿಗಿ ಇರಬೇಕೆಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಅಚ್ಚಾಗಿದೆ. ಪಾನಾ ಮೇಲೆ ನಿಂತು ತುಳಿಯುವುದು ಸರಿಯಾದ ಬಿಗಿಯಲ್ಲ.

ಬೂಟ್ ಹರಿದರೆ ಜಾಯಿಂಟಿಗೆ ಕುತ್ತು

ಈಗ ಬಹುಮುಖ್ಯ ಸಂಗತಿಗೆ ಬರೋಣ. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ನಡಿಗೆಯ ವೇಗದಲ್ಲಿ ಸುತ್ತು ಹಾಕುತ್ತ ಎಕ್ಸಿಲೇಟರ್ ಕೊಂಚ ಒತ್ತಿ. ಕಟ್ ಕಟ್ ಕಟ್ ಎಂದು ಎಣಿಸಬಹುದಾದಂಥ ಸದ್ದು ಬಂದು, ವೇಗ ಏರಿದಂತೆ ಅದರ ಲಯವೂ ಏರಿ, ಕಾಲು ತೆಗೆದ ಕೂಡಲೇ ತಗ್ಗಿದರೆ ಅದು ಎಕ್ಸೆಲ್ಲಿನ ಹೊರತುದಿಯ ಜಾಯಿಂಟ್. ಗ್ಯಾರೇಜಿನವರು ಸಿವಿ ಜಾಯಿಂಟ್ ಎನ್ನುತ್ತಾರೆ. ಎರಡೂ ದಿಕ್ಕಿಗೆ ತಿರುಗಿಸಿ ನೋಡಿ, ರಿವರ್ಸಿನಲ್ಲೂ ನೋಡಿ. ತೀರಾ ಸವೆದದ್ದು ಕಟಕಟದಿಂದ ಕರಕರಕ್ಕೆ ತಿರುಗುತ್ತದೆ, ಆಗ ಸ್ಟೀರಿಂಗಿನಲ್ಲೂ ಅದರ ನಡುಕ ಕೈಗೆ ಸಿಗುತ್ತದೆ.

ಮುಂಗಾಲಿಗಳೇ ಎಳೆಯುವ ಕಾರಿನಲ್ಲಿ ಎಕ್ಸೆಲ್ ಒಂದೇ ಸಮನೆ ಸುತ್ತಬೇಕು, ಅದೇ ಹೊತ್ತಿಗೆ ಗಾಲಿಯ ಜೊತೆ ಅತ್ತಿತ್ತ ತಿರುಗಲೂ ಬೇಕು. ಈ ಎರಡನ್ನೂ ಸಾಧಿಸುವುದು ಬಟ್ಟಲಿನಂಥ ಒಂದು ಉಕ್ಕಿನ ಗೂಡಿನಲ್ಲಿ ಕುಳಿತ ಆರು ಗುಂಡುಗಳು. ಅಮೆರಿಕದ ಎಂಜಿನಿಯರ್ ಆಲ್‌ಫ್ರೆಡ್ ಝೆಪ್ಪಾ 1920ರ ದಶಕದಲ್ಲಿ ರೂಪಿಸಿದ ವಿನ್ಯಾಸವೇ ಇವತ್ತಿಗೂ ನಡೆಯುತ್ತಿದೆ. ನಮ್ಮ ರಸ್ತೆಗಳಿಗೆ ಅದು ಮನೆಮಾತಾದದ್ದು 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಹಿಂಗಾಲಿಗಳೇ ತಳ್ಳುತ್ತಿದ್ದುದರಿಂದ ಮುಂದಿನ ಗಾಲಿಗೆ ಎಕ್ಸೆಲ್ಲಿನ ಗೊಡವೆಯೇ ಇರಲಿಲ್ಲ.

ಈ ಆರು ಗುಂಡುಗಳು ಗ್ರೀಸಿನಲ್ಲಿ ಮುಳುಗಿರುವವರೆಗೆ ಲಕ್ಷ ಕಿಲೋಮೀಟರ್ ದಾಟಿದರೂ ದಣಿಯುವುದಿಲ್ಲ. ಗ್ರೀಸನ್ನು ಒಳಗೆ, ಮಣ್ಣನ್ನು ಹೊರಗೆ ಇಡುವುದು ಮಡಿಕೆ ಮಡಿಕೆಯಾದ ಒಂದು ರಬ್ಬರ್ ಬೂಟ್. ಬಿಸಿಲಿಗೆ ಒಣಗಿ ಅದರ ಮಡಿಕೆಯ ಅಡಿಯಲ್ಲಿ ಸಣ್ಣ ಬಿರುಕು ಬೀಳುತ್ತದೆ. ಹೊಲದ ಹಾದಿಯ ಕಬ್ಬಿನ ಕೂಳೆಯೋ ಖಡಿ ಕಲ್ಲೋ ತಾಗಿ ಅದು ಹರಿಯುತ್ತದೆ. ಗಾಲಿ ಸುತ್ತುವ ರಭಸಕ್ಕೆ ಗ್ರೀಸ್ ಹೊರಗೆ ಸಿಡಿಯುತ್ತದೆ, ಎರೆಮಣ್ಣಿನ ಪುಡಿ ಒಳಗೆ ಹೋಗುತ್ತದೆ. ಅಲ್ಲಿಂದ ಮುಂದೆ ಜಾಯಿಂಟ್ ಮಣ್ಣಿನಲ್ಲೇ ಅರೆದುಕೊಳ್ಳುತ್ತದೆ. ಬೂಟ್ ಹರಿದದ್ದಕ್ಕೂ ಸದ್ದು ಕೇಳುವುದಕ್ಕೂ ನಡುವೆ ವಾರಗಳೋ ತಿಂಗಳುಗಳೋ ಇರುತ್ತವೆ. ನಿಮ್ಮ ಹಣ ಉಳಿಯುವುದು ಆ ನಡುವಿನ ಅವಧಿಯಲ್ಲೇ. ಬೂಟಿನ ಬೆಲೆ ಜಾಯಿಂಟಿನ ಬೆಲೆಯ ಒಂದು ಸಣ್ಣ ಪಾಲು ಮಾತ್ರ.

ನೋಡುವುದು ಸುಲಭ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಿಡಿದು ಗಾಲಿಯ ಹಿಂದೆ ಬಗ್ಗಿ. ರಿಮ್ಮಿನ ಒಳಮೈ, ಸ್ಪ್ರಿಂಗಿನ ಬುಡ, ಬ್ರೇಕ್ ಕ್ಯಾಲಿಪರಿನ ಬೆನ್ನು ಇಲ್ಲೆಲ್ಲ ಕಪ್ಪು ಗ್ರೀಸ್ ಅಡ್ಡಡ್ಡ ಗೀರಿನಂತೆ ಸಿಡಿದಿದ್ದರೆ ಬೂಟ್ ಹರಿದಿದೆ. ಸಿಡಿದದ್ದು ಕಾಣದಿದ್ದರೂ ಬೆರಳಿನಿಂದ ಮಡಿಕೆಗಳನ್ನು ಬಿಡಿಸಿ ನೋಡಿ, ಬಿರುಕು ಮಡಿಕೆಯ ಸಂದಿಯಲ್ಲಿ ಅಡಗಿರುತ್ತದೆ. ಎಂಜಿನ್ ಬಂದ್ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಸದ್ದಿನ್ನೂ ಬಂದಿಲ್ಲ, ಬೂಟ್ ಮಾತ್ರ ಹರಿದಿದೆ ಎಂದಾದರೆ ಬೂಟ್ ಕಿಟ್ ಹಾಕಿಸಿ. ಇಲ್ಲಿ ನೀವು ಪಕ್ಕದಲ್ಲಿ ನಿಂತು ನೋಡಬೇಕಾದ ಕೆಲಸವಿದೆ. ಎಕ್ಸೆಲ್ ಹೊರತೆಗೆದು, ಜಾಯಿಂಟ್ ಕಳಚಿ, ಹಳೆಯ ಗ್ರೀಸನ್ನು ಪೂರ್ತಿ ತೊಳೆದು ಒಣಗಿಸಬೇಕು. ಗುಂಡುಗಳನ್ನು ಒಂದೊಂದಾಗಿ ತಿರುಗಿಸಿ, ಅವು ಓಡುವ ಕಾಲುವೆಗಳಲ್ಲಿ ಬೆರಳಾಡಿಸಬೇಕು. ಕನ್ನಡಿಯಂತೆ ನುಣುಪಾಗಿದ್ದರೆ ಜಾಯಿಂಟ್ ಬದುಕಿದೆ. ಉಗುರಿಗೆ ತಗ್ಗು ಸಿಕ್ಕರೆ, ಚಿಪ್ಪೆದ್ದಿದ್ದರೆ ಹೊಸ ಬೂಟ್ ಹಾಕಿ ಪ್ರಯೋಜನವಿಲ್ಲ. ಕಿಟ್ಟಿನ ಜೊತೆ ಬರುವ ಕಪ್ಪು ಮಾಲಿಬ್ಡಿನಂ ಗ್ರೀಸನ್ನೇ ತುಂಬಬೇಕು. ಡಬ್ಬಿಯಲ್ಲಿರುವ ಹಳದಿ ಗ್ರೀಸ್ ಈ ಜಾಗದ ಒತ್ತಡ ತಾಳುವುದಿಲ್ಲ. ಎರಡೂ ತುದಿಗೆ ಲೋಹದ ಕ್ಲಿಪ್ ಬಿಗಿಯಬೇಕು. ಪ್ಲಾಸ್ಟಿಕ್ ಟೈ ಕಟ್ಟಿ ಕಳಿಸುವುದನ್ನು ಒಪ್ಪಬೇಡಿ. ಎಕ್ಸೆಲ್ ಬಿಚ್ಚದೆಯೇ ಅಂಟಿಸುವ ಸೀಳು ಬೂಟುಗಳೂ ಮಾರಾಟಕ್ಕಿವೆ, ಅವುಗಳ ಮೇಲೆ ನನಗೆ ಭರವಸೆಯಿಲ್ಲ. ಒಳಗೆ ಸೇರಿದ ಮಣ್ಣನ್ನು ತೊಳೆಯುವ ದಾರಿಯೇ ಅದರಲ್ಲಿ ಇಲ್ಲ. ಎಕ್ಸೆಲ್ಲನ್ನು ಗೇರ್‌ಬಾಕ್ಸಿನಿಂದ ಎಳೆದಿದ್ದರೆ ಸ್ವಲ್ಪ ಗೇರ್ ಆಯಿಲ್ ಚೆಲ್ಲುತ್ತದೆ, ಅದನ್ನು ಮರಳಿ ತುಂಬಿದರೇ ಎಂದು ಕೇಳಿ. ಗಾಲಿಯ ಹಬ್‌ನ ನಡುವಿನ ದೊಡ್ಡ ನಟ್ಟನ್ನು ಬಹುತೇಕ ಕಾರುಗಳಲ್ಲಿ ಹೊಸದೇ ಹಾಕಿ, ಟಾರ್ಕ್ ಪಾನಾದಿಂದ ಬಿಗಿದು, ಅದರ ಅಂಚನ್ನು ತಟ್ಟಿ ಕೂಡಿಸಬೇಕು.

ಸದ್ದು ಈಗಾಗಲೇ ಬರುತ್ತಿದ್ದರೆ ಗ್ರೀಸ್ ತುಂಬಿ ಮುಚ್ಚುವುದು ಕೆಲವು ದಿನದ ಸಮಾಧಾನ ಅಷ್ಟೆ. ಜಾಯಿಂಟ್ ಅಥವಾ ಪೂರ್ತಿ ಎಕ್ಸೆಲ್ ಬದಲಾಗಬೇಕು. ಕಟಕಟ ಶುರುವಾದ ದಿನವೇ ಕಾರು ನಿಂತುಬಿಡುವುದಿಲ್ಲ, ಆದರೆ ಒಂದು ದಿನ ಗುಂಡಿನ ಗೂಡು ಒಡೆದರೆ ಗಾಲಿಗೆ ಎಳೆತವೇ ಸಿಗದೆ ಕಾರು ಇದ್ದಲ್ಲೇ ನಿಲ್ಲುತ್ತದೆ.

ಗುಂಯ್‌ಗುಡುವುದು ಬೇರಿಂಗ್

ಕಟಕಟ ಅಲ್ಲ, ಎಡೆಬಿಡದ ಗುಂಯ್ ಅಥವಾ ಗೊರಗೊರ. 40, 50 ಕಿಲೋಮೀಟರ್ ವೇಗಕ್ಕೆ ಏಳುತ್ತದೆ, ವೇಗದ ಜೊತೆ ಏರುತ್ತದೆ. ಯು ಟರ್ನಿಗಿಂತ ಹೆದ್ದಾರಿಯ ಅಗಲ ತಿರುವಿನಲ್ಲಿ ಹೆಚ್ಚಾಗುತ್ತದೆ. ಕ್ಲಚ್ ಒತ್ತಿ ಎಂಜಿನ್ ಸದ್ದು ಇಳಿಸಿದರೂ ಅದು ನಿಲ್ಲುವುದಿಲ್ಲ. ಇದು ಗಾಲಿಯ ಬೇರಿಂಗ್.

ಯಾವ ಗಾಲಿಯದು ಎಂದು ಪತ್ತೆ ಹಚ್ಚಲು ಖಾಲಿ ರಸ್ತೆಯಲ್ಲಿ ಅದೇ ವೇಗದಲ್ಲಿ ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸಿ. ಎಡಕ್ಕೆ ತಿರುಗಿದಾಗ ಕಾರಿನ ಭಾರ ಬಲಗಾಲಿಯ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಬಹುಪಾಲು ಬಲಗಡೆಯದು, ಬಲಕ್ಕೆ ತಿರುಗಿದಾಗ ಏರಿದರೆ ಎಡಗಡೆಯದು. ಆಮೇಲೆ ಜಾಕ್ ಏರಿಸಿ ಖಚಿತ ಮಾಡಿಕೊಳ್ಳಿ. ಗಾಲಿಯನ್ನು ಗಡಿಯಾರದ 12 ಮತ್ತು 6 ಇರುವಲ್ಲಿ ಹಿಡಿದು ಅಲುಗಾಡಿಸಿ. ಕಡಕ್ ಎಂದು ಆಡಿದರೆ ಬೇರಿಂಗ್ ಅಥವಾ ಗಾಲಿಯನ್ನು ಕೆಳಗಿನ ತೋಳಿಗೆ (ಲೋವರ್ ಆರ್ಮ್) ಸೇರಿಸುವ ಬಾಲ್ ಜಾಯಿಂಟ್. ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಗಾಲಿಯನ್ನು ಕೈಯಿಂದ ಸುತ್ತಿಸುತ್ತ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲೆ ಇಟ್ಟರೆ, ಕೆಟ್ಟ ಬೇರಿಂಗಿನ ಒರಟು ನಡುಕ ಅಂಗೈಗೆ ನೇರ ತಲುಪುತ್ತದೆ.

ಜಾಕಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಎರೆಮಣ್ಣಿನ ನೆಲದಲ್ಲಿ ಜಾಕ್ ಕೂರಿಸಬೇಡಿ. ಒಣಗಿ ಗಟ್ಟಿಯಾಗಿ ಕಂಡರೂ ಭಾರ ಬಿದ್ದಾಗ ಅದು ಕುಸಿಯುತ್ತದೆ. ಕಾಂಕ್ರೀಟ್ ನೆಲ ಹುಡುಕಿ, ಇಲ್ಲವೇ ದಪ್ಪ ಹಲಗೆ ಇಡಿ. ಎದುರಿನ ಗಾಲಿಗಳಿಗೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸ ಗ್ಯಾರೇಜಿಗೆ ಬಿಡಿ.

ಟೈರಿನ ಏರುಪೇರು ಸವಕಳಿಯೂ ಥೇಟ್ ಬೇರಿಂಗಿನಂತೆಯೇ ಗುಂಯ್‌ಗುಡುತ್ತದೆ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹೋದಾಗ ದನಿ ಬದಲಾದರೆ, ಮುಂದಿನ ಹಿಂದಿನ ಗಾಲಿ ಅದಲು ಬದಲು ಮಾಡಿದಾಗ ಸದ್ದೂ ಜಾಗ ಬದಲಿಸಿದರೆ ಅದು ಟೈರು. ಬೇರಿಂಗ್ ಕೊಳ್ಳುವ ಮೊದಲು ಈ ಪುಕ್ಕಟೆ ಪರೀಕ್ಷೆ ಮಾಡಿ.

ಇನ್ನು ನೆರೆಯ ಮಾತು. ಓಡಿ ಬಿಸಿಯಾದ ಹಬ್ ತಣ್ಣನೆಯ ನೀರಿಗೆ ಇಳಿದಾಗ ಬೇರಿಂಗಿನ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ದಿನ ಏನೂ ಗೊತ್ತಾಗುವುದಿಲ್ಲ. ಒಳಗೆ ತುಕ್ಕು ಹಿಡಿದು, ಗುಂಡುಗಳ ದಾರಿ ಒರಟಾಗಿ, ಕೆಲವು ವಾರಗಳ ಮೇಲೆ ಸದ್ದು ಏಳುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಗಾಲಿ ಮುಳುಗುವಷ್ಟು ನೀರಿನಲ್ಲಿ ಕಾರು ಹಾಯಿಸಿದ್ದರೆ ಆ ಸಂಗತಿಯನ್ನು ಮೆಕ್ಯಾನಿಕ್‌ಗೆ ಹೇಳಿ. ಬೊಲೆರೊ, ಪಿಕಪ್‌ನಂಥ ಹಿಂಗಾಲಿ ತಳ್ಳುವ ಗಾಡಿಯಾದರೆ ಹಿಂದಿನ ಡಿಫರೆನ್ಶಿಯಲ್ ಆಯಿಲನ್ನೂ ತೆಗೆಸಿ ನೋಡಿ. ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಕೂಡಲೇ ಬದಲಿಸಿ. ನೀರಿನಲ್ಲಿ ನಿಂತಿದ್ದ ಕಾರನ್ನು ಮಾತ್ರ ಸ್ಟಾರ್ಟ್ ಮಾಡಲು ಹೋಗಬೇಡಿ, ಅದರ ಕಥೆಯೇ ಬೇರೆ.

ಬೇರಿಂಗ್ ಬದಲಿಸುವ ಕೆಲಸದಲ್ಲಿ ಒಂದು ವಿಷಯಕ್ಕೆ ನಾನು ರಾಜಿಯಾಗುವುದಿಲ್ಲ. ಪ್ರೆಸ್ ಬೇಕೇ ಬೇಕು. ಬೇರಿಂಗನ್ನು ಗೂಡಿಗೆ ಕೂರಿಸುವಾಗ ಹೊರ ರಿಂಗಿನ ಮೇಲೆ ಮಾತ್ರ ಒತ್ತಬೇಕು, ಹಬ್ ಕೂರಿಸುವಾಗ ಒಳ ರಿಂಗಿಗೆ ಕೆಳಗಿನಿಂದ ಆಸರೆ ಕೊಡಬೇಕು. ಸುತ್ತಿಗೆಯಿಂದ ಬಡಿದರೆ ಪೆಟ್ಟು ಗುಂಡುಗಳ ಮೂಲಕ ಹಾದು ಅವುಗಳ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಮೂಡಿಸುತ್ತದೆ. ಹೊಸ ಬೇರಿಂಗ್ ಕೆಲವೇ ತಿಂಗಳಲ್ಲಿ ಮತ್ತೆ ಗುಂಯ್ ಎನ್ನುತ್ತದೆ, ದೋಷ ಕಂಪನಿಯ ಮೇಲೆ ಹೋಗುತ್ತದೆ. ಪ್ರೆಸ್ ಹುಡುಕುವುದು ಇಲ್ಲಿ ಕಷ್ಟವಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಾರ್ಖಾನೆಯ ಊರಾದ ಕಿರ್ಲೋಸ್ಕರವಾಡಿಯನ್ನು ಕಟ್ಟಿದ್ದು ಇದೇ ಸಾಂಗಲಿ ಜಿಲ್ಲೆಯಲ್ಲಿ. ಕುಪವಾಡ, ಮಿರಜದ ಎಂಐಡಿಸಿ ಕೈಗಾರಿಕಾ ಪ್ರದೇಶಗಳಲ್ಲಿ ಇವತ್ತು ಕಬ್ಬಿಣದ ಕೆಲಸದ ಶೆಡ್ಡುಗಳಿಗೆ ಬರವಿಲ್ಲ. ಗ್ಯಾರೇಜಿನಲ್ಲಿ ಪ್ರೆಸ್ ಇಲ್ಲದಿದ್ದರೆ ಬಿಚ್ಚಿದ ಭಾಗವನ್ನು ಅಂಥ ಶೆಡ್ಡಿಗೆ ಒಯ್ದು ಒತ್ತಿಸಿ ತರಬಹುದು. ಈ ಸೀಮೆಯಲ್ಲಿ ಸುತ್ತಿಗೆಗೆ ನೆಪವಿಲ್ಲ.

ಎಬಿಎಸ್ ಇರುವ ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಮಗ್ಗುಲಲ್ಲಿ ವೇಗ ಅಳೆಯುವ ಅಯಸ್ಕಾಂತದ ಪಟ್ಟಿ ಇರುತ್ತದೆ. ಅದನ್ನು ಸೆನ್ಸರಿನ ಕಡೆಗೇ ಕೂರಿಸಬೇಕು. ತಿರುವುಮುರುವಾದರೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತಿ ಉಳಿಯುತ್ತದೆ. ಬೇರಿಂಗಿನಲ್ಲಿ ನಕಲಿ ಮಾಲು ಬಹಳ. ಬಿಲ್ ಪಡೆಯಿರಿ, ಡಬ್ಬಿಯನ್ನು ನಿಮ್ಮೆದುರೇ ಒಡೆಯಲು ಹೇಳಿ, ತೆಗೆದ ಹಳೆಯದನ್ನು ಕೇಳಿ ಇಸಿದುಕೊಳ್ಳಿ.

ಉಳಿದ ಸದ್ದುಗಳು

ನೀವು ಗಾಬರಿಯಾಗುವ ಮೊದಲು ಹಗುರಾದ ಕಾರಣಗಳನ್ನೂ ತಿಳಿದಿರಿ. ಇದ್ದಕ್ಕಿದ್ದಂತೆ, ಹಿಂದಿನ ದಿನ ಏನೂ ಇಲ್ಲದೆ, ತಗಡು ಕೆರೆದಂತೆ ಕಿವಿ ಕೀಸುವ ಸದ್ದು ಬಂದರೆ ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಖಡಿ ಕಲ್ಲು ಸಿಕ್ಕಿರುವ ಸಾಧ್ಯತೆ ಹೆಚ್ಚು. ಕಾರನ್ನು ಕೆಲವು ಮೀಟರ್ ರಿವರ್ಸ್ ತೆಗೆದುಕೊಂಡರೆ ಎಷ್ಟೋ ಸಲ ಕಲ್ಲು ತಾನೇ ಉದುರುತ್ತದೆ. ತಗಡೇ ಬಾಗಿ ಡಿಸ್ಕಿಗೆ ತಾಗುತ್ತಿದ್ದರೆ ಸ್ಕ್ರೂಡ್ರೈವರಿನಿಂದ ಹಿಂದಕ್ಕೆ ಬಗ್ಗಿಸಿದರೆ ಸಾಕು. ಡಿಸ್ಕ್ ಬಿಸಿ ಇರುವಾಗ ಕೈ ಹಾಕಬೇಡಿ.

ಪೂರ್ತಿ ತಿರುಗಿಸಿದಾಗ ಮಾತ್ರ ಅಥವಾ ತಗ್ಗಿನಲ್ಲಿ ಇಳಿದಾಗ ಮಾತ್ರ ಪರಪರ ಎಂದರೆ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಲೈನರ್ ಟೈರಿಗೆ ತಾಗುತ್ತಿದೆ. ತಾಗಿದ ಜಾಗ ಉಜ್ಜಿ ಹೊಳೆಯುತ್ತಿರುತ್ತದೆ, ಕ್ಲಿಪ್ ಹಾಕಿದರೆ ಮುಗಿಯಿತು. ದೊಡ್ಡ ಅಳತೆಯ ಟೈರ್ ಹಾಕಿಸಿದ್ದರೆ ಕ್ಲಿಪ್ಪಿನಿಂದ ಪರಿಹಾರವಿಲ್ಲ, ಕಂಪನಿಯ ಅಳತೆಗೆ ಮರಳಿ.

ಬ್ರೇಕ್ ಒತ್ತಿದಾಗ ಕರಕರ ಹೆಚ್ಚಾದರೆ ಪ್ಯಾಡ್ ಮುಗಿದು ಕಬ್ಬಿಣ ಕಬ್ಬಿಣಕ್ಕೆ ತಿಕ್ಕುತ್ತಿದೆ. ಹೊಸ ಪ್ಯಾಡಿನ ಪದರ ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು ಇರುತ್ತದೆ. 3 ಮಿಲಿಮೀಟರಿಗೆ ಇಳಿದರೆ ಬದಲಿಸಬೇಕು, ಎರಡೂ ಕಡೆ ಒಟ್ಟಿಗೇ. ಮಳೆಯಲ್ಲಿ ರಾತ್ರಿ ನಿಂತ ಕಾರಿನ ಡಿಸ್ಕ್ ಬೆಳಗ್ಗೆ ಮೊದಲ ಕೆಲವು ಬ್ರೇಕಿಗೆ ಕರಕರ ಎಂದು ಸುಮ್ಮನಾದರೆ ಅದು ಮೇಲ್ಮೈ ತುಕ್ಕು, ಚಿಂತೆ ಬೇಡ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಬರುವ ಸದ್ದು ಬೇರೆ ಬಳಗದ್ದು. ಟೊಂಯ್ ಎಂದು ಸ್ಪ್ರಿಂಗ್ ಎಗರಿದಂತಾದರೆ ಸ್ಪ್ರಿಂಗ್ ಹೊತ್ತ ಸ್ಟ್ರಟ್ಟಿನ ತಲೆಯ ಮೇಲಿನ ಮೌಂಟ್ ಹಿಡಿದುಕೊಂಡಿದೆ. ಒಬ್ಬರು ಸ್ಟೀರಿಂಗ್ ತಿರುಗಿಸಲಿ, ಇನ್ನೊಬ್ಬರು ಸ್ಪ್ರಿಂಗಿನ ಹೊರಮೈಗೆ ಅಂಗೈ ತಾಗಿಸಲಿ. ಅದು ನಯವಾಗಿ ತಿರುಗದೆ ತಡೆದು ಜಿಗಿಯುವುದು ಗೊತ್ತಾಗುತ್ತದೆ. ಸುರುಳಿಗಳ ನಡುವೆ ಮಾತ್ರ ಬೆರಳು ತೂರಿಸಬೇಡಿ. ಬಾನೆಟ್ ಒಳಗಿನಿಂದ ಮೊರೆತ ಬಂದರೆ, ಸ್ಕಾರ್ಪಿಯೊ, ಹಳೆಯ ಇನ್ನೋವಾದಂಥ ಆಯಿಲ್ ಪವರ್ ಸ್ಟೀರಿಂಗ್ ಇರುವ ಗಾಡಿಗಳಲ್ಲಿ ಆಯಿಲ್ ಮಟ್ಟ ನೋಡಿ. ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಿ, ಬ್ರೇಕ್ ಆಯಿಲ್ ಸುರಿದರೆ ಸೀಲುಗಳೆಲ್ಲ ಹಾಳು. ಕೊನೆಯ ತನಕ ತಿರುಗಿಸಿ ಹಿಡಿದಿಟ್ಟಾಗ ಸ್ವಲ್ಪ ಮೊರೆಯುವುದು ಸಹಜ, ಐದು ಸೆಕೆಂಡಿಗಿಂತ ಹೆಚ್ಚು ಹಾಗೆ ಹಿಡಿಯಬೇಡಿ. ಈಗಿನ ಸಣ್ಣ ಕಾರುಗಳಲ್ಲಿ ಸ್ಟೀರಿಂಗಿಗೆ ಕರೆಂಟ್ ಮೋಟರ್ ಇರುವುದರಿಂದ ಆಯಿಲಿನ ಪ್ರಶ್ನೆಯೇ ಬರುವುದಿಲ್ಲ. ಯಾರಾದರೂ ಅಂಥ ಕಾರಿಗೆ ಸ್ಟೀರಿಂಗ್ ಆಯಿಲ್ ಬಿಲ್ ಮಾಡಿದರೆ ಎಲ್ಲಿಗೆ ಹಾಕಿದಿರಿ, ತೋರಿಸಿ ಎನ್ನಿ.

ತಿರುವಿನಲ್ಲಿ ಹಿಂದಿನಿಂದ ಕರಕರ ಬಂದರೆ, ಹಿಂಗಾಲಿ ತಳ್ಳುವ ಗಾಡಿಗಳಲ್ಲಿ ಡಿಫರೆನ್ಶಿಯಲ್ ಗೇರುಗಳನ್ನು ನೋಡಬೇಕು. ಫೋರ್ ವೀಲ್ ಹಾಕಿ ಕೆಸರು ದಾಟಿದ ಜೀಪು, ಥಾರ್ ಗಾಡಿಯವರು ಡಾಂಬರಿಗೆ ಬಂದ ಮೇಲೂ ಅದನ್ನು ತೆಗೆಯದೆ ತಿರುಗಿಸಿದರೆ ಗಾಡಿ ಬಿಗಿದುಕೊಂಡು ನರಳುತ್ತದೆ. ಗಾಡಿ ಕೆಟ್ಟಿಲ್ಲ, ಲಿವರ್ ಟೂ ವೀಲಿಗೆ ತನ್ನಿ.

ಯಾವ ಸದ್ದಿಗೆ ಅಲ್ಲೇ ನಿಲ್ಲಬೇಕು

ಗಾಲಿ ಕೈಗೆ ಆಡುತ್ತಿದ್ದರೆ, ಬಾಲ್ ಜಾಯಿಂಟ್ ಅಥವಾ ಸ್ಟೀರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡ್ ತುದಿ ಸಡಿಲವಾಗಿ ತಗ್ಗಿನಲ್ಲಿ ದಡ್ ದಡ್ ಎನ್ನುತ್ತ ಸ್ಟೀರಿಂಗ್ ಒಂದು ಕಡೆ ಎಳೆಯುತ್ತಿದ್ದರೆ, ಗೊರಗೊರದ ಜೊತೆ ಒಂದೇ ಗಾಲಿಯ ಹಬ್ ಉಳಿದವಕ್ಕಿಂತ ಬಹಳ ಬಿಸಿಯಾಗುತ್ತಿದ್ದರೆ, ಬ್ರೇಕಿನಲ್ಲಿ ಕಬ್ಬಿಣದ ಸದ್ದು ಬಂದು ಪೆಡಲ್ ಕೆಳಗೆ ಇಳಿಯುತ್ತಿದ್ದರೆ ಕಾರು ಓಡಿಸಬೇಡಿ. ಬಾಲ್ ಜಾಯಿಂಟ್ ಕಳಚಿದರೆ ಗಾಲಿ ಹೊರಕ್ಕೆ ಮಗುಚಿ ಕಾರು ಕೈ ತಪ್ಪುತ್ತದೆ. ಕೃಷ್ಣೆಯ ಮೇಲಿನ ಅಂಕಲಿ ಸೇತುವೆಯಲ್ಲಿ ಹಾಗಾದರೆ ಏನು ಗತಿ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಎಳೆಸುವಾಗಲೂ ಆ ಗಾಲಿಯನ್ನು ನೆಲದ ಮೇಲೆ ಉರುಳಿಸದೆ, ಕಾರನ್ನು ಪೂರ್ತಿ ಹೊತ್ತೊಯ್ಯುವ ಗಾಡಿ ಕರೆಸಿ. ಆಸ್ಪತ್ರೆಯಿಂದ ಪೇಶೆಂಟನ್ನು ಕರೆದೊಯ್ಯುವ ಹೊತ್ತಾದರೆ ಬಾಡಿಗೆ ಗಾಡಿ ಮಾಡಿ, ನಿಮ್ಮದು ಮಿರಜದಲ್ಲೇ ರಿಪೇರಿಗೆ ನಿಲ್ಲಲಿ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್‌ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಸದ್ದು ಬರುವಂತೆ ಓಡಿಸಿ ತೋರಿಸಿ. ರಿಪೇರಿಯ ನಂತರ ಅದೇ ತಿರುವನ್ನು ಅದೇ ವೇಗದಲ್ಲಿ ಮತ್ತೆ ಹಾಕಿ, ಆಮೇಲೆ ದುಡ್ಡು ಕೊಡಿ. ಲೋವರ್ ಆರ್ಮ್, ಟೈ ರಾಡ್, ಸ್ಟ್ರಟ್ ಇವುಗಳಲ್ಲಿ ಯಾವುದನ್ನು ಬಿಚ್ಚಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸದೆ ಹೊರಡಬೇಡಿ. ಹಾಗೆ ಹೊರಟರೆ ಟೈರ್ ಒಂದೇ ಮಗ್ಗುಲು ಸವೆಯುತ್ತದೆ, ಕೆಲವು ತಿಂಗಳಿಗೆ ಇನ್ನೊಂದು ಸದ್ದಿನ ಬೆನ್ನು ಹತ್ತಬೇಕಾಗುತ್ತದೆ.

ದಸರೆಯ ಖಂಡೇಪೂಜೆಗೆಂದು ಎಲ್ಲರೂ ಕಾರು ತೊಳೆಯುತ್ತೇವೆ. ಆಗ ಮಳೆಗಾಲ ಮುಗಿದಿರುತ್ತದೆ, ಕಬ್ಬಿನ ಹಂಗಾಮು ಶುರುವಾಗುವ ಹೊತ್ತು ಇನ್ನೇನು ಬಂದಿರುತ್ತದೆ. ಆ ದಿನ ಪೈಪು ಹಿಡಿದಾಗ ಸ್ಟೀರಿಂಗನ್ನು ಒಂದು ಸಲ ಪೂರ್ತಿ ಎಡಕ್ಕೆ, ಒಂದು ಸಲ ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಬೂಟುಗಳ ಮಣ್ಣು ತೊಳೆದು, ಮಡಿಕೆಗಳನ್ನು ಬಿಡಿಸಿ ನೋಡಿ. ಹರಿದಿದ್ದರೆ ಸದ್ದು ಬರುವವರೆಗೆ ಕಾಯದೆ ಅದೇ ವಾರ ಹೊಸದು ಹಾಕಿಸಿ.